ಮೆಕ್ಸಿಕೋದ ಚೀಸು ಮಡಕೆಯಲ್ಲಿ ಹಾಲು ಉಕ್ಕಿಸಿದ್ದು

ನನ್ನ ಪಾಸ್‌ಪೋರ್ಟಿನಲ್ಲಿ ಒಂದೇ ಒಂದು ಪರದೇಶದ ಠಸ್ಸೆ ಇದೆ. ಅದು ಮೆಕ್ಸಿಕೋದ್ದು. ದುಬೈ, ಲಂಡನ್ ನೋಡಿ ಬಂದವರು ಶಿರಸಿಯಲ್ಲಿ ಓಣಿಗೊಬ್ಬರು ಸಿಗುತ್ತಾರೆ. ಆದರೆ ಮೆಕ್ಸಿಕೋದ ರೈತರು ತಾವಾಗಿ ಕರೆಸಿಕೊಂಡು ಹದಿನೆಂಟು ದಿನ ಮನೆಯಲ್ಲಿ ಇಟ್ಟುಕೊಂಡದ್ದು, ನಾನು ಕೇಳಿದ ಮಟ್ಟಿಗೆ, ನನ್ನೊಬ್ಬನನ್ನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ವೆಲ್ಡಿಂಗ್ ಅಂಗಡಿಯಲ್ಲಿ ಕಸ ಹೊಡೆಯುವುದರಿಂದ ಶುರು ಮಾಡಿದವನು ನಾನು. ಈಗ ಬನವಾಸಿ ರಸ್ತೆಯಲ್ಲಿ ನನ್ನದೇ ವರ್ಕ್‌ಶಾಪ್ ಇದೆ. ಕಾಳುಮೆಣಸನ್ನು ಗೊಂಚಲಿನಿಂದ ಬಿಡಿಸುವ ಯಂತ್ರ ಮಾಡುತ್ತೇನೆ. ಕಾಳು ಒಡೆಯುವುದಿಲ್ಲ, ಸಿಪ್ಪೆ ಸುಲಿಯುವುದಿಲ್ಲ. ಆ ಯಂತ್ರವೇ ನನ್ನನ್ನು ವಿಮಾನ ಹತ್ತಿಸಿತು.

ಆದದ್ದು ಇಷ್ಟು. ಮೆಕ್ಸಿಕೋದ ಪುಯೆಬ್ಲಾ ಎಂಬ ಕಡೆಯ ಬೆಟ್ಟದ ಊರಲ್ಲಿ ಸರ್ವಸಾಂಬಾರದ ಮರಗಳಿವೆ. ನಮ್ಮಲ್ಲಿ ತೋಟದ ಮೂಲೆಯಲ್ಲಿ ಒಂದು ಮರ ಇದ್ದರೆ ಎಲೆ ಕಿತ್ತು ಪಲಾವಿಗೆ ಹಾಕುತ್ತೇವಲ್ಲ, ಅದೇ. ಅವರಿಗೆ ಎಲೆ ಬೇಡ, ಕಾಯಿ ಬೇಕು. ಗೊಂಚಲಿನಿಂದ ಕಾಯಿ ಬಿಡಿಸಲು ಮನೆಮಂದಿಯೆಲ್ಲ ಕೂತು ಬೆರಳು ಕಪ್ಪು ಮಾಡಿಕೊಳ್ಳುತ್ತಾರೆ. ಆ ಊರಿನ ರುಬೆನ್ ಎಂಬ ರೈತ ಮೊಬೈಲಿನಲ್ಲಿ ನನ್ನ ಯಂತ್ರದ ವೀಡಿಯೋ ನೋಡಿದ. ನಲವತ್ತು ಜನ ಬೆಳೆಗಾರರು ಸೇರಿ ಒಂದು ಯಂತ್ರ ತರಿಸಿ ನೋಡುವುದು, ಒಪ್ಪಿಗೆಯಾದರೆ ಇಟ್ಟುಕೊಳ್ಳುವುದು, ಇಲ್ಲವಾದರೆ ವಾಪಸ್ಸು ಎಂದು ಮಾತಾಯಿತು. ಯಂತ್ರ ಹಡಗಿನಲ್ಲಿ ಮುಂದೆ ಹೋಯಿತು. ಹಿಂದಿನಿಂದ ನಾನು.

ಕಿರವತ್ತಿಯ ಚಹಾ

ಶಿರಸಿಯಿಂದ ಹುಬ್ಬಳ್ಳಿಗೆ ಮುಂಡಗೋಡಿನ ದಾರಿ ಹತ್ತಿರ. ಆದರೆ ಯಲ್ಲಾಪುರದ ಒಬ್ಬ ಗಿರಾಕಿಗೆ ಬೇರಿಂಗ್ ಬದಲಿಸಿಕೊಡುವುದು ಬಾಕಿ ಇತ್ತು. ಪರದೇಶಕ್ಕೆ ಹೋಗುವವನು ಕೆಲಸ ಬಾಕಿ ಇಟ್ಟು ಹೋಗಬಾರದು ಎಂದು ಆ ಕಡೆ ಸುತ್ತಿಕೊಂಡು ಹೊರಟೆ. ಹೆಂಡತಿ ಶಾಂತವ್ವ ಹುಬ್ಬಳ್ಳಿಯವರೆಗೆ ಜೊತೆಗೆ ಬಂದಳು. ಕಿರವತ್ತಿಯ ಡಾಬಾದಲ್ಲಿ ಚಹಾಕ್ಕೆ ನಿಂತಾಗ ಹೆಗ್ಗರಣೆಯ ಹೆಗಡೇರ ಫೋನು ಬಂತು. ಸಿದ್ದಾಪುರ ಕಡೆ ನನ್ನ ಯಂತ್ರವನ್ನು ಮೊದಲು ಒಯ್ದವರು ಅವರು. ಅವರ ತೋಟದ ಸರ್ವಸಾಂಬಾರದ ಗೊಂಚಲು ಹಾಕಿಯೇ ನಾನು ಜರಡಿಯ ತೂತು ಎಷ್ಟಿರಬೇಕೆಂದು ಅಳೆದಿದ್ದು.

"ಅಲ್ಲ ವೀರಣ್ಣ, ಅಲ್ಲಿ ಹೋಗಿ ಎಂತ ತಿನ್ನದು ಮಾರಾಯಾ ನೀನು? ಲಿಂಗ ಕಟ್ಟಿದವ. ಅವರು ಬೆಳಿಗ್ಗೆ ಎದ್ದರೆ ಮಾಂಸ."

"ರೊಟ್ಟಿ ಸಿಗ್ತದಂತ ಬಿಡ್ರಿ" ಎಂದೆ.

ಶಾಂತವ್ವನ ಚಿಂತೆ ಬೇರೆ. ನಮ್ಮ ಹತ್ತಿರ ಒಂದು ಪದ್ಧತಿ ಇದೆ. ಹುಲಗೋಳದ ಮೊದಲ ಗಿರಾಕಿಯಿಂದ ಇವತ್ತಿನವರೆಗೆ, ಯಂತ್ರ ಎಲ್ಲಿಗೇ ಹೋಗಲಿ, ನಾಲ್ಕು ಜನರೆದುರು ಮೊದಲ ಸಲ ತಿರುಗುವ ಮುಂಚೆ ಅದರ ಮುಂದೆ ಹಾಲು ಉಕ್ಕಿಸುತ್ತೇವೆ. ಹೊಸ ಮನೆಗೆ ಕಾಲಿಡುವಾಗ ಮಾಡುವಂತೆಯೇ. ಶಾಂತವ್ವ ಮಡಕೆ ಮಡಿಲಲ್ಲಿಟ್ಟುಕೊಂಡು ಪಿಕಪ್ಪಿನಲ್ಲಿ ಬರುತ್ತಾಳೆ, ಮೂರು ಇಟ್ಟಿಗೆ ಇಡುತ್ತಾಳೆ, ಮಡಕೆಯ ಪಡುವಣ ಬದಿಯಡಿ ಒಂದು ಸಣ್ಣ ಕಲ್ಲಿನ ಚೂರು ತುರುಕುತ್ತಾಳೆ. ಹಾಲು ಪೂರ್ವಕ್ಕೇ ಚೆಲ್ಲಬೇಕು ನೋಡ್ರಿ. ದೇವರಿಗೆ ಬಿಟ್ಟರೆ ಎಲ್ಲಿಗೆ ಬೇಕಾದರೂ ಚೆಲ್ಲೀತು, ಅದಕ್ಕೆ ಕಲ್ಲು.

"ಹಾಲು ಉಕ್ಕಸದ ಸ್ವಿಚ್ ಒತ್ತಬ್ಯಾಡ್ರಿ. ಅಷ್ಟು ದೂರ ನಾ ಬರಾಕಾಗೂದಿಲ್ಲ, ನೀವ ಮಾಡ್ರಿ" ಎಂದಳು.

ಮಾಡುತ್ತೇನೆಂದು ಚಹಾದ ಕಪ್ಪು ಕೈಯಲ್ಲಿ ಹಿಡಿದು ಮಾತು ಕೊಟ್ಟೆ.

ಬೆಟ್ಟದ ಊರು, ಮೊದಲ ಎರಡು ದಿನ

ಮೂರು ವಿಮಾನ, ಒಂದು ಬಸ್ಸು, ಕೊನೆಗೆ ರುಬೆನ್‌ನ ಹಳೇ ಪಿಕಪ್ಪು. ಘಟ್ಟ ಹತ್ತುವಾಗ ದೇವಿಮನೆ ಘಟ್ಟ ಹತ್ತಿದ ಹಾಗೇ ಅನ್ನಿಸಿತು, ಡ್ರೈವರು ಎಡಕ್ಕೆ ಕೂತಿದ್ದ ಅನ್ನುವುದು ಬಿಟ್ಟರೆ. ಪ್ರತಿ ತಿರುವಿನಲ್ಲೂ ನನ್ನ ಬಲಗಾಲು ಇಲ್ಲದ ಬ್ರೇಕು ಒತ್ತುತ್ತಿತ್ತು. ರುಬೆನ್ ನೋಡಿ ನಕ್ಕ.

ರುಬೆನ್‌ಗೆ ನಲವತ್ತರ ಆಸುಪಾಸು. ಮನೆಯಲ್ಲಿ ಅವನೂ ಅವನ ತಾಯಿಯೂ ಇಬ್ಬರೇ. ತಾಯಿಯ ಹೆಸರು ಚೇಲಾ. ಊರವರೆಲ್ಲ ದೊನ್ಯಾ ಚೇಲಾ ಅನ್ನುತ್ತಾರೆ. ದೊನ್ಯಾ ಅಂದರೆ ನಮ್ಮಲ್ಲಿ ಹಿರಿಯ ಹೆಂಗಸರ ಹೆಸರಿಗೆ ಅಮ್ಮ ಸೇರಿಸುವ ಹಾಗೆ. ನಾನು ಅವ್ವ ಎಂದೇ ಕರೆದೆ. ಎರಡನೇ ದಿನಕ್ಕೆ ಓಗೊಡಲು ಶುರು ಮಾಡಿದರು. ನಮ್ಮ ಮಾತುಕತೆಗೆ ನಡುವೆ ಮೊಬೈಲು. ನಾನು ಕನ್ನಡದಲ್ಲಿ ಹೇಳಿದರೆ ಅದು ಅವರ ಭಾಷೆಯಲ್ಲಿ ಹೇಳುತ್ತದೆ, ಅವರು ಹೇಳಿದ್ದನ್ನು ನನಗೆ ರೇಡಿಯೋ ವಾರ್ತೆಯ ಕನ್ನಡದಲ್ಲಿ ಓದುತ್ತದೆ. ಇಲ್ಲಿ ನಾನು ಅವರ ಮಾತನ್ನು ಮನುಷ್ಯರು ಆಡುವ ಕನ್ನಡದಲ್ಲೇ ಬರೆಯುತ್ತೇನೆ.

ಮೊದಲ ಊಟಕ್ಕೆ ಗೋವಿನಜೋಳದ ತೆಳು ರೊಟ್ಟಿ ಬಂತು. ತೊರ್ತಿಯಾ ಅನ್ನುತ್ತಾರೆ. ನಮ್ಮ ಜೋಳದ ರೊಟ್ಟಿಯ ಮೊಮ್ಮಗಳು ಅನ್ನಬಹುದು, ಅಂಗೈ ಅಗಲ. ಜೊತೆಗೆ ಕಪ್ಪು ಕಾಳಿನ ಪಲ್ಯ. ಬಾಯಿಗಿಡುವ ಮುಂಚೆ ಏನು ಹಾಕಿ ಹುರಿದಿದ್ದೀರಿ ಎಂದು ಕೇಳಿದೆ. ಮೊಬೈಲು ಗಂಭೀರವಾಗಿ "ಹಂದಿಯ ಕೊಬ್ಬು" ಎಂದಿತು. ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿದೆ. ಅವ್ವ ತಟ್ಟೆ ನೋಡಿದರು, ನನ್ನನ್ನು ನೋಡಿದರು.

"ಮೀನು?"

"ಇಲ್ಲ ಅವ್ವ."

"ಕೋಳಿ?"

"ಇಲ್ಲ."

"ಮೊಟ್ಟೆ?"

ತಲೆ ಅಲ್ಲಾಡಿಸಿದೆ.

"ಹಾಗಾದರೆ ಇಷ್ಟು ಹೊಟ್ಟೆ ಎಲ್ಲಿಂದ ಬಂತು?" ಎಂದು ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಬಿಳೀ ನೂಲಿನ ಉಂಡೆಯಂಥದ್ದು ಇತ್ತು. ಅದು ಚೀಸು. ಅವರೇ ಮಾಡಿದ್ದು, ಅವರ ನಾಲ್ಕು ಹಸುಗಳ ಹಾಲಿನದು. ಎಳೆ ಎಳೆಯಾಗಿ ಬಿಡಿಸಿ ತಿನ್ನಬಹುದು. ಹಾಲು ಒಡೆಯಲು ಏನು ಹಾಕುತ್ತೀರಿ ಎಂದು ಅದನ್ನೂ ಕೇಳಿದೆ. ರುಬೆನ್ ಶೀಶೆಯ ಚೀಟಿ ಓದಿ, ಪ್ರಾಣಿಯದ್ದಲ್ಲ ಎಂದು ಖಾತ್ರಿ ಕೊಟ್ಟ. ಆಮೇಲಿನ ದಿನಗಳಲ್ಲಿ ನಾನು ಉಂಡದ್ದು ಆ ಅವ್ವನ ಕೈಯ ಚೀಸನ್ನೇ.

ಆರನೇ ದಿನ: ಪುಲ್ಲಿ

ಮೋಟಾರು ಅಲ್ಲಿಯದೇ ಕೂರಿಸುವುದು ಎಂದು ಮೊದಲೇ ಮಾತಾಗಿತ್ತು. ಅಲ್ಲಿಯ ಕರೆಂಟೇ ಬೇರೆ. ಕೂರಿಸಿ ಪರೀಕ್ಷೆಗೆ ತಿರುಗಿಸಿದೆ, ಜನ ಸೇರದ ಪರೀಕ್ಷೆಗೆ ಹಾಲಿನ ಶಾಸ್ತ್ರವಿಲ್ಲ. ಕಾಯಿ ಪುಡಿ ಪುಡಿ. ಇಪ್ಪತ್ತು ವರ್ಷದಲ್ಲಿ ನನ್ನ ಯಂತ್ರ ಹೀಗೆ ಮಾಡಿದ್ದಿಲ್ಲ. ರುಬೆನ್ ಆ ಪುಡಿಯನ್ನು ಬೆರಳಲ್ಲಿ ಎತ್ತಿ ಮೂಸಿ ನೋಡಿದ.

ಕಣ್ಣು ಮುಚ್ಚಿ ಸದ್ದು ಕೇಳಿದೆ. ಡ್ರಮ್ಮು ನಮ್ಮೂರಿಗಿಂತ ಜೋರಾಗಿ ತಿರುಗುತ್ತಿತ್ತು. ಅಲ್ಲಿಯ ಮೋಟಾರಿನ ಓಟವೇ ಹೆಚ್ಚು, ಅಷ್ಟೇ. ಮೋಟಾರಿಗೆ ಚಿಕ್ಕ ಪುಲ್ಲಿ, ಅಂದರೆ ಬೆಲ್ಟು ಸುತ್ತುವ ಗಾಲಿ, ಹಾಕಿದರೆ ಡ್ರಮ್ಮಿನ ಓಟ ತಗ್ಗಿ ಮುಗಿಯಿತು. ಕೆಳಗಿನ ಪೇಟೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಅಂಗಡಿಗೆ ಹೋದೆವು. ಲೇತಿನವನಿಗೆ ನನ್ನ ಭಾಷೆ ಬಾರದು, ನನಗೆ ಅವನದು ಬಾರದು, ಮೊಬೈಲಿಗೆ ಸಿಗ್ನಲ್ ಇಲ್ಲ. ಅಳತೆ ಕಡ್ಡಿ ಇಟ್ಟು ತೋರಿಸಿದೆ, ಕಟ್ಟಿಂಗ್ ಟೂಲಿನ ಮೂತಿ ಮುಟ್ಟಿ ಮಸೆಯಲು ಸನ್ನೆ ಮಾಡಿದೆ. ಅವನು ಮಸೆದ. ಒಂದು ತಾಸಿನಲ್ಲಿ ಪುಲ್ಲಿ ಸಿದ್ಧ. ಹೊರಡುವಾಗ ಕೈ ಕುಲುಕಿ ನನ್ನ ಅಂಗೈಯ ಸುಟ್ಟ ಕಲೆ ನೋಡಿದ, ತನ್ನದನ್ನು ತೋರಿಸಿದ. ಎಷ್ಟೋ ಓದಿದ ಜನರ ನಡುವೆಯೂ ನನಗೆ ಅಂಥ ಮರ್ಯಾದೆ ಸಿಕ್ಕಿಲ್ಲ.

ಸಂಜೆ ಕಾಯಿ ಇಡಿಯಾಗಿ, ಮಣಿಗಳಂತೆ ಬುಟ್ಟಿಗೆ ಬಿದ್ದವು.

ಹತ್ತನೇ ದಿನ: ಅವ್ವನ ಒಲೆ

ಕೆಲಸ ಒಂದು ಹದಕ್ಕೆ ಬಂದ ಮೇಲೆ ಅವ್ವ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡರು. ಅವರಲ್ಲಿ ಚೀಸು ಕರಗಿಸಿ, ಮಡಕೆಯನ್ನೇ ನಡುವೆ ಇಟ್ಟು, ಸುತ್ತ ಕೂತು ರೊಟ್ಟಿ ಅದ್ದಿ ತಿನ್ನುವ ರೂಢಿ. ಅದಕ್ಕೆ ಬರೀ ಕೇಸೊ ಅನ್ನುತ್ತಾರೆ, ಅಂದರೆ ಚೀಸು. ನಾವು ಒಂದೇ ತಟ್ಟೆಗೆ ಕೈ ಹಾಕುವವರಲ್ಲ. ಮೊದಲ ದಿನ ಹಿಂಜರಿದೆ. ರೊಟ್ಟಿಯ ಚೂರು ಒಮ್ಮೆ ಮಾತ್ರ ಅದ್ದಬೇಕು, ಕಚ್ಚಿದ್ದನ್ನು ಮತ್ತೆ ಅದ್ದಿದರೆ ಅವ್ವನ ಸೌಟು ಬೆರಳಿನ ಮೇಲೆ ಬೀಳುತ್ತದೆ ಎಂದು ತಿಳಿದ ಮೇಲೆ ಸಮಾಧಾನವಾಯಿತು. ಎಂಜಲಿನ ಲೆಕ್ಕ ಅವರಲ್ಲೂ ಇದೆ.

ಮಾಡುವುದು ಹೀಗೆ. ಬಜ್ಜಿ ಮೆಣಸಿನಕಾಯಿಗಿಂತ ದಪ್ಪನೆಯ ಕಡುಹಸಿರು ಮೆಣಸಿನಕಾಯಿಯನ್ನು ಕೆಂಡದಲ್ಲಿ ಸುಟ್ಟು ಸಿಪ್ಪೆ ತೆಗೆದು ಸೀಳಬೇಕು. ಮಣ್ಣಿನ ಮಡಕೆಯಲ್ಲಿ ಈರುಳ್ಳಿ ಬಾಡಿಸಿ, ಮೆಣಸಿನಕಾಯಿ ಹಾಕಿ, ಹಾಲು ಸುರಿದು ಬೆಚ್ಚಗೆ ಮಾಡಬೇಕು. ಬೆರಳು ಇಟ್ಟರೆ ತಡೆಯುವಷ್ಟು, ಅದಕ್ಕಿಂತ ಹೆಚ್ಚಿಲ್ಲ. ಆಮೇಲೆ ಚೀಸಿನ ಎಳೆ ಒಂದು ಹಿಡಿ ಹಾಕಿ, ಅದು ಕರಗಿ ಕಾಣೆಯಾದ ಮೇಲೆ ಇನ್ನೊಂದು ಹಿಡಿ. ಉರಿ ಇರಬಾರದು, ಕೆಂಡ ಇರಬೇಕು. ನಾನು ಒಂದು ಕಟ್ಟಿಗೆ ಒಳಗೆ ನೂಕಲು ಹೋದರೆ ಅವ್ವ ಕೈ ತಡೆದರು.

"ದೆಸ್ಪಾಸಿಯೊ" ಎಂದರು. ನಿಧಾನ ಎಂದು ಅರ್ಥ. ಆ ಒಂದು ಮಾತು ನನಗೆ ಮೊಬೈಲಿಲ್ಲದೆ ಬಂತು. ದಿನಕ್ಕೆ ಹತ್ತು ಸಲ ಕೇಳಿದರೆ ಯಾರಿಗಾದರೂ ಬರುತ್ತದೆ.

ಸಾಮಾನ್ಯವಾಗಿ ಅದರ ಮೇಲೆ ಹಂದಿಮಾಂಸದ ಪುಡಿ ಉದುರಿಸುತ್ತಾರೆ. ಬೆಳೆಗಾರರೆಲ್ಲ ಯಂತ್ರ ನೋಡಲು ಬರುವ ದಿನಕ್ಕೆ ನಲವತ್ತು ಜನಕ್ಕಾಗುವ ದೊಡ್ಡ ಮಡಕೆಯ ಕೇಸೊ ಮಾಡುವುದೆಂದು ಅವ್ವ ಸಾರಿದರು. ಹತ್ತು ದಿನದಿಂದ ನಾಲ್ಕೂ ಹಸುಗಳ ಹಾಲು ಚೀಸಿಗೇ ಹೋಗುತ್ತಿತ್ತು. ಇಡೀ ಮಡಕೆಗೆ ಮಾಂಸ ಮುಟ್ಟಿಸುವುದಿಲ್ಲ ಎಂದೂ ಹೇಳಿದರು. ರುಬೆನ್ ತಲೆ ಕೆರೆದುಕೊಂಡ.

"ಅವ್ವ, ಇವನೊಬ್ಬನಿಗೆ ಬೇರೆ ಚಿಕ್ಕ ಮಡಕೆ ಮಾಡಿದರಾಯಿತಲ್ಲ. ಜನ ಬೈಯುತ್ತಾರೆ."

"ಯಂತ್ರ ಮಾಡಿದವನು ಮೂಲೆಯಲ್ಲಿ ಬೇರೆ ಕೂತು ತಿನ್ನುತ್ತಾನಾ? ನನ್ನ ಕೇಸೊಕ್ಕೆ ಮಾಂಸ ಬೇಕು ಅನ್ನುವ ನಾಲಿಗೆ ಯಾವುದು, ಬರಲಿ ನೋಡುತ್ತೇನೆ."

ಆ ಸುತ್ತಿನಲ್ಲಿ ಅವ್ವನ ಕೇಸೊ ಅಂದರೆ ಹೆಸರು. ಮದುವೆಗೆ ಕರೆದು ಮಾಡಿಸುತ್ತಾರೆ. ಆ ಹೆಸರನ್ನು ನನಗಾಗಿ ಪಣಕ್ಕೆ ಇಟ್ಟಿದ್ದರು.

ಹದಿನೈದನೇ ದಿನ

ಬೆಳಿಗ್ಗೆ ಏಳಕ್ಕೆ ಶಾಂತವ್ವನಿಗೆ ವೀಡಿಯೋ ಕಾಲ್ ಮಾಡಿದೆ. ನಮ್ಮ ಬೆಳಿಗ್ಗೆ ಅವಳಿಗೆ ಸಂಜೆ.

"ಹಾಲು ತಯಾರೈತೇನ್ರಿ?"

ನಿಜ ಹೇಳಬೇಕೆಂದರೆ ನಾನು ಹಾಲು ಕೇಳಿಯೇ ಇರಲಿಲ್ಲ. ಹಾಲೆಲ್ಲ ಚೀಸಿಗೆ ಹೋಗುತ್ತಿತ್ತು ಅನ್ನುವುದು ಒಂದು. ಇನ್ನೊಂದು, ಇಂಥ ಶಾಸ್ತ್ರ ಹೇಳಿದರೆ ತನ್ನ ಯಂತ್ರದ ಮೇಲೆ ಇವನಿಗೇ ನಂಬಿಕೆಯಿಲ್ಲ ಅಂದುಕೊಂಡಾರು ಎಂಬ ಬಿಗುಮಾನ. "ಮಾಡ್ತೀನಿ, ನೀ ಸುಮ್ನಿರು" ಎಂದು ಫೋನು ಇಟ್ಟೆ.

ಹಿತ್ತಲಿನ ಒಲೆಯ ಮೇಲೆ ದೊಡ್ಡ ಮಡಕೆ ಏರಿತ್ತು. ಚೀಸು ಮುಕ್ಕಾಲು ಕರಗಿ ಹಳದಿಗೆ ತಿರುಗಿತ್ತು. ಒಂದೇ ಉಂಡೆ ಬಾಕಿ. ಅಂಗಳದಲ್ಲಿ ಬೆಳೆಗಾರರು ಸೇರುತ್ತಿದ್ದರು. ಅವ್ವ ಸೌಟನ್ನು ನನ್ನ ಕೈಗೆ ಕೊಟ್ಟರು. ಕಸೂತಿಯ ಕುಪ್ಪಸ ಹಾಕಿ, ಜಡೆಗೆ ರಿಬ್ಬನ್ ಕಟ್ಟಿಕೊಂಡು ಬರುತ್ತೇನೆ, ಅಲ್ಲಿಯವರೆಗೆ ತಿರುವುತ್ತಿರು ಎಂದರು. ಆ ಮಡಕೆಯ ಸೌಟು ಬೇರೆಯವರ ಕೈಗೆ ಹೋದದ್ದು ಅದೇ ಮೊದಲು ಎಂದು ರುಬೆನ್ ಆಮೇಲೆ ಹೇಳಿದ. ಹೋಗುತ್ತಾ ಹೋಗುತ್ತಾ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಹೇಳಿದರು, "ದೆಸ್ಪಾಸಿಯೊ."

ನಾನು ತಿರುವುತ್ತಾ ಕೂತೆ. ಎದುರಿಗೆ ಯಂತ್ರ, ಹೂವಿಲ್ಲ ಕುಂಕುಮವಿಲ್ಲ. ಮಡಕೆಯಲ್ಲಿ ನೋಡಿದರೆ ಹಾಲು. ಚೀಸೂ ಹಾಲೇ ಅಲ್ಲವೇ, ಒಂದು ಚೂರು ಉಕ್ಕಿ ಒಂದು ಹನಿ ಕೆಳಗೆ ಬಿದ್ದರೆ ಶಾಂತವ್ವನಿಗೆ ಕೊಟ್ಟ ಮಾತೂ ಉಳಿಯಿತು, ಯಾರನ್ನೂ ಕೇಳುವ ಪ್ರಮೇಯವೂ ಇಲ್ಲ ಎಂದು ತಲೆಗೆ ಬಂತು. ಅತ್ತಿತ್ತ ನೋಡಿ ಎರಡು ಒಣ ಕಟ್ಟಿಗೆ ನೂಕಿದೆ. ಪಡುವಣ ಬದಿಗೆ ಕಲ್ಲಿನ ಚೂರು ಇಡುವುದನ್ನೂ ಮರೆಯಲಿಲ್ಲ. ಉರಿ ಎದ್ದಿತು. ಅಂಚಿನಲ್ಲಿ ಗುಳ್ಳೆ ಬಂತು, ಮಡಕೆಯಲ್ಲಿದ್ದದ್ದು ಮೇಲೇರಿತು, ಪೂರ್ವದ ಕಡೆ ಸೊರ್ ಎಂದು ಚೆಲ್ಲಿತು. ನಾನು ಕಣ್ಣು ಮುಚ್ಚಿ ಕೈ ಮುಗಿದೆ.

ಕಣ್ಣು ತೆಗೆದಾಗ ಮಡಕೆಯ ಮೇಲೆ ಎಣ್ಣೆ ತೇಲುತ್ತಿತ್ತು. ಸೌಟು ಹಾಕಿದರೆ ತಳದಲ್ಲಿ ಚೀಸು ಹಳೇ ಫ್ಯಾನ್ ಬೆಲ್ಟಿನಂತೆ ಒಂದೇ ಮುದ್ದೆಯಾಗಿ ಕೂತಿತ್ತು, ಸುತ್ತ ತಿಳಿನೀರು. ನಲವತ್ತು ಜನರ ಊಟ, ಅಷ್ಟು ದಿನದ ಹಾಲು, ಅವ್ವನ ಹೆಸರು. ನನಗೆ ಯಂತ್ರವೂ ಮರೆತುಹೋಯಿತು.

ಉರಿಯುವ ಕಟ್ಟಿಗೆ ಎಳೆದು ಹೊರಗೆ ಹಾಕಿದೆ. ಮೊಬೈಲು ತೆಗೆದು ಮತ್ತೆ ಶಾಂತವ್ವನಿಗೆ ಮಾಡಿ ಮಡಕೆ ತೋರಿಸಿದೆ.

"ಅಯ್ಯ, ಏನ್ರೀ ಅದು, ಟೈರ್ ಬೇಯಸಾಕತ್ತೀರೇನು?"

"ಹಾಲು ಉಕ್ಕಿಸಿದೆ. ಒಡೀತು."

"ಚೀಸಿನ ಮಡಕಿಯೊಳಗ ಹಾಲು ಉಕ್ಕಸಂತ ಯಾರ ಹೇಳಿದ್ರು ನಿಮಗ?"

"ನೀನ ಹೇಳಿದ್ಯಲ್ಲ."

"ನಾ ಹಾಲು ಅಂದಿದ್ದೆ." ನಗು ತಡೆದುಕೊಂಡಳು. ಆಮೇಲೆ ಅವಳ ದನಿ ಬದಲಾಯಿತು. "ಮಜ್ಜಿಗಿ ಹುಳಿ ಒಡೀಬಾರ್ದಂತ ನಾ ಏನು ಹಾಕ್ತೀನಿ? ನೆನಸಿದ ಅಕ್ಕಿ ಅರದು ಹಾಕ್ತೀನಿ ಹೌದಿಲ್ಲೋ? ಅಕ್ಕಿ ಐತೇನು ಅಲ್ಲಿ?"

ಅಕ್ಕಿ ಇರಲಿಲ್ಲ. ರೊಟ್ಟಿಗೆ ಅರೆದಿಟ್ಟ ಗೋವಿನಜೋಳದ ಹಿಟ್ಟಿನ ಮುದ್ದೆ ಇತ್ತು, ಒದ್ದೆ ಬಟ್ಟೆ ಮುಚ್ಚಿ. ಅದನ್ನೇ ತೋರಿಸಿದೆ.

"ಅದನ್ನ ತಣ್ಣನ ನೀರಿನ್ಯಾಗ ಕಲಸ್ರಿ. ಬಟ್ಟಿಯಾಗ ಸೋಸ್ರಿ. ಮಡಕಿ ಒಲಿ ಮ್ಯಾಗಿಂದ ಇಳಸ್ರಿ ಮೊದಲ. ಮುದ್ದಿ ಹರೀರಿ. ಈಗ ಸ್ವಲ್ಪ ಸ್ವಲ್ಪ ಹಾಕ್ರಿ, ಒಂದ ಕಡಿ ತಿರುವ್ರಿ. ಅವಸರ ಮಾಡಬ್ಯಾಡ್ರಿ. ನಿಧಾನ."

ಹದಿನಾರು ಸಾವಿರ ಕಿಲೋಮೀಟರು ದೂರದಿಂದ ಅವಳೂ ಅದೇ ಮಾತು. ನನ್ನ ಕೈ ಇಪ್ಪತ್ತು ವರ್ಷ ಕಬ್ಬಿಣ ಬಗ್ಗಿಸಿದ ಕೈ. ಆ ಮುದ್ದೆ ಹರಿಯಲು ಅದೂ ಸೋತಿತು. ಆದರೂ ಹಿಟ್ಟಿನ ನೀರು ಸ್ವಲ್ಪ ಸ್ವಲ್ಪ ಹಾಕುತ್ತಾ ತಿರುವಿದೆ. ಮೊದಲು ಎಣ್ಣೆ ಮಾಯವಾಯಿತು. ಆಮೇಲೆ ನೀರು ದಪ್ಪಗಾಯಿತು. ಬಾಕಿ ಇದ್ದ ಉಂಡೆಯ ಎಳೆ ಬಿಡಿಸಿ ಹಾಕಿದೆ, ಬೂದಿಯ ಬಿಸಿಗೆ ಮಡಕೆ ಇಟ್ಟೆ. ಬೆವರು ಮಡಕೆಗೆ ಬೀಳದಂತೆ ಮುಖ ತಿರುಗಿಸಿ ತಿರುವಿದೆ. ಕಾಲು ಗಂಟೆಗೆ ಸೌಟು ಎತ್ತಿದರೆ ಎಳೆ ಬಂತು.

"ಬಂತು ನೋಡ್ರಿ" ಎಂದಳು ಶಾಂತವ್ವ. "ಈಗ ಆ ಅವ್ವಗ ಹೇಳ್ರಿ. ಮುಚ್ಚಿಡಬ್ಯಾಡ್ರಿ."

ಹೇಳುವ ಮೊದಲೇ ಅವ್ವ ಬಂದರು. ಕಸೂತಿಯ ಕುಪ್ಪಸ, ಕೆಂಪು ರಿಬ್ಬನ್. ರೊಟ್ಟಿಯ ಚೂರು ಅದ್ದಿ ಬಾಯಿಗಿಟ್ಟರು. ಒಂದು ಸಲ ಅಗಿದು ನಿಲ್ಲಿಸಿದರು. ಒಲೆಯ ಪೂರ್ವಕ್ಕೆ ಸುಟ್ಟು ಕಪ್ಪಾದ ಕಲೆ ನೋಡಿದರು, ಒಲೆಯ ಪಡುವಣ ಬದಿಗಿದ್ದ ಕಲ್ಲಿನ ಚೂರು ನೋಡಿದರು.

ರುಬೆನ್‌ನನ್ನು ಕರೆದು ಮೊಬೈಲು ಹಿಡಿಸಿ ಎಲ್ಲ ಹೇಳಿದೆ. ಹಾಲು, ಕಲ್ಲು, ಪೂರ್ವ, ಶಾಂತವ್ವ, ಹಿಟ್ಟು, ಒಂದನ್ನೂ ಬಿಡಲಿಲ್ಲ. ರುಬೆನ್‌ನ ಕಣ್ಣು ಮಡಕೆಯೊಳಗೆ ಹೋಯಿತು. ಅವ್ವ ಪೂರ್ತಿ ಕೇಳಿದರು.

"ಯಂತ್ರ ತಿರುಗುವುದಿಲ್ಲ ಅಂತ ಹೆದರಿಕೆಯಾ ನಿನಗೆ?"

"ಇಲ್ಲ ಅವ್ವ. ತಿರುಗುತ್ತದೆ. ಆದರೂ ಮಾಡುತ್ತೇವೆ."

ಅವರಿಗೆ ಆ ಮಾತು ಹಿಡಿಸಿತು ಅಂತ ಕಾಣುತ್ತದೆ. ಇನ್ನೊಂದು ಚೂರು ಅದ್ದಿ ತಿಂದರು. "ಸ್ವಲ್ಪ ತರಿ ಇದೆ. ಕೆಟ್ಟಿಲ್ಲ. ನಿನ್ನ ಹೆಂಡತಿಗೆ ಅಡಿಗೆ ಗೊತ್ತು, ನಿನಗಿಲ್ಲ" ಎಂದು ಒಳಗೆ ಹೋದರು. ಬರುವಾಗ ಕೈಯಲ್ಲಿ ಚಿಕ್ಕ ಹೊಸ ಮಡಕೆ, ಆ ಬೆಳಿಗ್ಗೆ ಕರೆದ ಹಾಲು. ಅಂಗಳದ ನಡುವೆ, ಎಲ್ಲರೆದುರು, ಯಂತ್ರದ ಮುಂದೆ ಮೂರು ಕಲ್ಲು ಇಟ್ಟರು.

"ಇದನ್ನು ಉಕ್ಕಿಸು. ಎಷ್ಟು ಬೇಕಾದರೂ ಉರಿ ಹಾಕು. ಕದ್ದು ಮಾಡಬೇಡ."

ನಲವತ್ತು ಜನ ಸುತ್ತ ನಿಂತರು. ನಾನು ಕಲ್ಲಿನ ಚೂರು ಇಟ್ಟು ಬೆಂಕಿ ಹಚ್ಚಿದೆ. ಯಾರೂ ನಗಲಿಲ್ಲ. ಹಾಲು ಏರುತ್ತಿದ್ದ ಹಾಗೆ ಒಬ್ಬೊಬ್ಬರಾಗಿ ಹ್ಯಾಟು ತೆಗೆದರು. ಪೂರ್ವಕ್ಕೆ ಚೆಲ್ಲಿದಾಗ ಒಬ್ಬ ಮುದುಕ ಎದೆಯ ಮೇಲೆ ಶಿಲುಬೆ ಗೀರಿಕೊಂಡ. ನಾನು ಸ್ವಿಚ್ ಒತ್ತಿದೆ. ಒಂದು ಬುಟ್ಟಿ ಗೊಂಚಲು ಕಣ್ಣು ಮಿಟುಕಿಸುವಷ್ಟರಲ್ಲಿ ಕಾಯಾಗಿ ಬಿತ್ತು, ಒಂದೂ ಒಡೆದಿರಲಿಲ್ಲ. ಕಪ್ಪು ಬೆರಳಿನ ಹೆಂಗಸೊಬ್ಬಳು ಮುಷ್ಟಿ ತುಂಬ ಎತ್ತಿ ಒಂದೊಂದಾಗಿ ನೋಡಿದಳು, ಪಕ್ಕದವಳಿಗೆ ಕೊಟ್ಟಳು. ಇಟ್ಟುಕೊಳ್ಳುವುದೆಂದು ಅಲ್ಲೇ ತೀರ್ಮಾನವಾಯಿತು.

ಆಮೇಲೆ ಕೇಸೊ. ಮಾಂಸ ಎಲ್ಲಿ ಎಂದು ಒಬ್ಬ ಕೇಳಿದ. ಅವ್ವನ ಮುಖ ನೋಡಿ ರೊಟ್ಟಿಗೆ ಕೈ ಹಾಕಿದ. ಮಡಕೆಯ ತಳ ಕಾಣುವವರೆಗೆ ತಿಂದರು. ಅಲ್ಲಿ ಇದ್ದವರಲ್ಲಿ ಅದ್ದುವ ಮೊದಲ ಚೂರು ನನ್ನದೇ ಆಗಬೇಕೆಂದು ಅವ್ವ ಹಟ ಹಿಡಿದಿದ್ದರು.

ಶಿರಸಿ

ಮನೆಗೆ ಬಂದ ಮೇಲೆ ಆಗಾಗ ಕೇಸೊ ಮಾಡುತ್ತೇನೆ. ಚೀಸು ಹುಬ್ಬಳ್ಳಿಯಿಂದ ತರಿಸಿದ್ದು, ಮೆಣಸಿನಕಾಯಿ ಸಂತೆಯದು. ಅದ್ದಲು ಜೋಳದ ರೊಟ್ಟಿ. ಹಾಲಿನಲ್ಲಿ ಮೊದಲೇ ಒಂದು ಚಮಚ ಅಕ್ಕಿ ಅರೆದು ಹಾಕುವುದು ಶಾಂತವ್ವನ ಕಾನೂನು. ಹೆಗಡೇರು ಒಮ್ಮೆ ಬಂದವರು ನಾಲ್ಕು ರೊಟ್ಟಿ ಮುಗಿಸಿ, "ಇದಕ್ಕೆ ಒಂದು ಒಗ್ಗರಣೆ ಬಿದ್ದಿದ್ದರೆ ನೋಡು" ಎಂದರು. ಶಾಂತವ್ವ ಸೌಟು ಎತ್ತಿ ತೋರಿಸಿದಳು.

ಮೂರು ತಿಂಗಳ ನಂತರ ಎರಡನೇ ಯಂತ್ರ ಕಳಿಸಿದೆ. ಈ ಸಲ ನಾನು ಹೋಗಬೇಕಾಗಿ ಬರಲಿಲ್ಲ. ಪುಲ್ಲಿಯ ಅಳತೆ ಇಲ್ಲಿಂದಲೇ ಸರಿ ಮಾಡಿದ್ದೆ. ಅದು ಚಾಲೂ ಆಗುವ ದಿನ ನಮ್ಮ ಸಂಜೆಗೆ ರುಬೆನ್‌ನ ವೀಡಿಯೋ ಕಾಲ್ ಬಂತು.

"ಅವ್ವ ಸ್ವಿಚ್ ಒತ್ತಲು ಬಿಡುತ್ತಿಲ್ಲ. ನೀವಿಬ್ಬರೂ ನೋಡಬೇಕಂತೆ" ಎಂದ.

ಶಾಂತವ್ವ ಕೈ ಒರೆಸಿಕೊಂಡು ಬಂದು ನನ್ನ ಪಕ್ಕ ಕೂತಳು. ಅಲ್ಲಿ ಹೊಸ ಯಂತ್ರ, ಮುಂದೆ ಮೂರು ಕಲ್ಲು, ಮೇಲೆ ಚಿಕ್ಕ ಮಡಕೆ. ಅವ್ವ ಕೆಂಪು ರಿಬ್ಬನ್ ಕಟ್ಟಿಕೊಂಡಿದ್ದರು. ನಮ್ಮನ್ನು ನೋಡಿ ತಲೆದೂಗಿದರು. ಬೆಂಕಿ ಹಚ್ಚುವ ಮುಂಚೆ ಸೂರ್ಯ ಯಾವ ಬೆಟ್ಟದಿಂದ ಹತ್ತಿ ಬಂದಿದ್ದಾನೆಂದು ಒಮ್ಮೆ ತಿರುಗಿ ನೋಡಿದರು. ಆಮೇಲೆ ಬಗ್ಗಿ, ನೆಲದಿಂದ ಒಂದು ಕಲ್ಲಿನ ಚೂರು ಆರಿಸಿ, ಮಡಕೆಯ ಪಡುವಣ ಬದಿಗೆ ತುರುಕಿದರು.

"ಯಾರು ಹೇಳಿಕೊಟ್ರು ಅವರಿಗೆ?" ಎಂದಳು ಶಾಂತವ್ವ.

ಆ ದಿನ ಅಂಗಳದಲ್ಲಿ ನಾನು ಇಟ್ಟದ್ದನ್ನು ಒಂದೇ ಸಲ ನೋಡಿದ್ದರು.